ತೀರ್ಥ ಹಾಕದ ದಿನ

"ಮುಟ್ಟಬ್ಯಾಡ! ಮುಟ್ಟಬ್ಯಾಡ ಅಂದ್ನಲ್ಲ!"

ಸುಲೋಚನಮ್ಮನವರ ಕೂಗಿಗೆ ನಿಶ್ಚಿತಾ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಆದರೆ ತಡವಾಗಿತ್ತು. ಮೇಜಿನ ಅಂಚಿನಿಂದ ಜಾರುತ್ತಿದ್ದ ತಾಮ್ರದ ಗಿಂಡಿಯನ್ನು ಹಿಡಿಯಹೋಗಿ ಅವಳ ಬೆರಳು ತಾಗಿಯೇ ಬಿಟ್ಟಿತ್ತು. ಅತ್ತೆ ಗಿಂಡಿಯನ್ನು ಕಸಿದುಕೊಂಡು, ಶೃಂಗೇರಿಯಿಂದ ತರಿಸಿದ್ದ ತೀರ್ಥವನ್ನೆಲ್ಲ ದಾಸವಾಳದ ಬುಡಕ್ಕೆ ಸುರಿದರು.

"ಗಂಡನ್ನ ನುಂಗ್ಕಂಡ ಕೈ ಅದು! ಇವತ್ತು ತೀರ್ಥ ಇಲ್ದೇ ಆಸ್ಪತ್ರೆಗೆ ಹೋಗ್ತೀನಿ. ಸತ್ರೆ ನೀನೇ ಕಾರಣ, ತಿಳ್ಕ!"

ಪಾಪ, ಆ ಹುಡುಗಿ ಮಾಡಿದ್ದಾದರೂ ಏನು? ಮದುವೆಯಾದ ಮರುವರ್ಷವೇ ಗಂಡ ಪ್ರದೀಪ ಮಂಗನ ಕಾಯಿಲೆಯಲ್ಲಿ ತೀರಿಕೊಂಡ. ಕಾಡಿಗೆ ಸೊಪ್ಪಿಗೆ ಹೋದವನಿಗೆ ಉಣುಗು ಹುಳ ಕಚ್ಚಿದ್ದಕ್ಕೆ ಸೊಸೆಯ ಕಾಲ್ಗುಣ ಕಾರಣವಂತೆ! ಬೇಗಾರಿನಿಂದ ತವರಿನವರು ಬಂದು ಕರೆದರೂ ಅವಳು ಹೋಗಲಿಲ್ಲ. "ಅತ್ತೆನ ಆಸ್ಪತ್ರೆಗೆ ಕರ್ಕಂಡು ಹೋಗೋರು ಯಾರು?" ಎಂದು ಗಂಡನ ಹಳ್ಳಿ ನಾರ್ವೆಯಲ್ಲೇ ಉಳಿದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ಆ ಮನೆಯಲ್ಲಿ ಸೊಸೆಯ ಕಾಲ ಬರುವ ಲಕ್ಷಣವೇ ಕಾಣುತ್ತಿರಲಿಲ್ಲ.

ಸುಲೋಚನಮ್ಮನವರ ಕಿಡ್ನಿ ಎರಡೂ ಸೋತಿದ್ದವು. ವಾರಕ್ಕೆರಡು ಸಲ ಬಸ್ಸು ಹತ್ತಿ ನರಸಿಂಹರಾಜಪುರದ ಪುಟ್ಟ ಡಯಾಲಿಸಿಸ್ ಕೇಂದ್ರಕ್ಕೆ ಬರಬೇಕು. ತೋಳಿಗೆ ಎರಡು ಸೂಜಿ. ಒಂದರಿಂದ ರಕ್ತ ಯಂತ್ರಕ್ಕೆ ಹೋಗಿ, ಶುದ್ಧವಾಗಿ ಇನ್ನೊಂದರಿಂದ ಮರಳುತ್ತಿತ್ತು. ಎರಡು ಸಾವಿರದ ಎಂಟನೇ ಇಸವಿಯಲ್ಲಿ ಅಲ್ಲಿಗೆ ಹೊಸದೊಂದು ಸಾಧನ ಬಂತು. ಸೂಜಿಯ ಕೆಳಗೆ ಅಂಟಿಸುವ ಪಟ್ಟಿ, ಅದಕ್ಕೊಂದು ತಂತಿ, ತಂತಿಯ ತುದಿಗೆ ಬೆಂಕಿಪೊಟ್ಟಣದಷ್ಟು ಡಬ್ಬಿ. ಸೂಜಿ ಕಳಚಿ ಪಟ್ಟಿಗೆ ತೊಟ್ಟು ರಕ್ತ ತಾಗಿದರೂ ಸಾಕು, ಕಿರ್ರೆಂದು ಕೂಗುತ್ತಿತ್ತು. ಎಲ್ಲರೂ ಅದನ್ನು ಜೀರುಂಡೆ ಎಂದೇ ಕರೆದರು.

ಆದರೆ ರಕ್ತ ಯಾವುದು, ತೀರ್ಥ ಯಾವುದು ಎಂದು ಜೀರುಂಡೆಗೇನು ಗೊತ್ತು! ಸುಲೋಚನಮ್ಮ ಸೂಜಿ ಚುಚ್ಚಿಸಿಕೊಂಡೊಡನೆ ತೋಳಿಗೆಲ್ಲ ತೀರ್ಥ ಚಿಮುಕಿಸಿಕೊಳ್ಳುವರು. ಆಮೇಲೆ, ಮಗ ತಂದುಕೊಟ್ಟಿದ್ದ ಕಂದು ಶಾಲನ್ನು ದೃಷ್ಟಿಯಾಗಬಾರದೆಂದು ತೋಳಿನ ಮೇಲೆ ಹೊದೆಯುವರು. ಪಟ್ಟಿ ಒದ್ದೆಯಾಗಿ ಜೀರುಂಡೆ ಕೂಗುವುದು, ನರ್ಸ್ ಪ್ರೇಮಕ್ಕ ಬೈದು ಬೈದು ಅದರ ಬಾಯಿ ಮುಚ್ಚಿಸುವುದು, ಎಲ್ಲ ರೂಢಿಯಾಗಿಬಿಟ್ಟಿತ್ತು. ನಿಶ್ಚಿತಾ ಶಾಲು ಸರಿಸಹೋದರೆ ಒಂದೇ ಮಾತು: "ಈ ಶಾಲು ಮುಟ್ಟಿದ್ರೆ ನನ್ನ ಹೆಣ ಮುಟ್ಟಿದಂಗೆ!"

ಅಂದೂ ಯಂತ್ರ ಗುಂಯ್‌ಗುಡುತ್ತಿತ್ತು. ಕಿಟಕಿಯಾಚೆ ಭದ್ರಾ ಹಿನ್ನೀರು ಮಧ್ಯಾಹ್ನದ ಬಿಸಿಲಿಗೆ ಅಲುಗದೆ ಮಲಗಿತ್ತು. ಅದನ್ನೇ ನೋಡುತ್ತಾ ಸುಲೋಚನಮ್ಮನವರ ರೆಪ್ಪೆ ಭಾರವಾಯಿತು... ಕಿಟಕಿ ಕರಗಿತು, ನೀರು ಒಳಗೇ ಬಂತು... ಹಂಡೆಯ ಹೊಗೆಯ ವಾಸನೆ... ಅವರ ಕಾಲ ಮೇಲೆ ಎಣ್ಣೆ ಹಚ್ಚಿಸಿಕೊಂಡ ಹಸುಗೂಸು ಪ್ರದೀಪ! ಬೊಚ್ಚು ಬಾಯಿ ಬಿಟ್ಟು ನಗುತ್ತಿದ್ದ. ಸುಲೋಚನಮ್ಮ ಬೊಗಸೆಯಲ್ಲಿ ನೀರು ತೆಗೆದು ಅವನ ನೆತ್ತಿಗೆ ಹಾಕಿದರು. ನೀರು ಅವರ ಮುಂಗೈಯಿಂದ ಇಳಿದು ಮೊಣಕೈವರೆಗೂ ಹರಿಯಿತು. ಎಂಥಾ ಹಿತ! ಎಲ್ಲೋ ದೂರದಲ್ಲಿ ಜೀರುಂಡೆ ಕೂಗುತ್ತಿತ್ತು. ಸಂಜೆಯಾಯಿತೇನೋ ಅಂದುಕೊಂಡರು.

"ನೀರು ಬೆಚ್ಚಗಿದೆ ಅಲ್ದಾ ಮಗಾ..." ಎಂದು ತುಟಿ ಅಲುಗಿತು.

ಪ್ರೇಮಕ್ಕ ಆಚೆ ಮಂಚದವರಿಗೆ ಸೂಜಿ ಹಾಕುತ್ತಿದ್ದರು. ತಿರುಗದೆಯೇ ಕೂಗಿದರು: "ಮತ್ತೆ ತೀರ್ಥ ಹಾಕ್ಕಂಡ್ರಾ? ಆ ಡಬ್ಬಿ ಗುಂಡಿ ಒತ್ತು ಮಾರಾಯ್ತಿ, ಕೂಗೋದು ನಿಲ್ತದೆ."

ನಿಶ್ಚಿತಾ ಗುಂಡಿಗೆ ಬೆರಳಿಟ್ಟಳು. ಇಟ್ಟವಳು ಹಾಗೇ ನಿಂತಳು. ತೀರ್ಥ? ಇವತ್ತು ತೀರ್ಥವೆಲ್ಲಿದೆ? ಎಲ್ಲ ದಾಸವಾಳದ ಬುಡಕ್ಕೆ ಹೋಗಿದೆಯಲ್ಲ! ಮತ್ತೆ ಅತ್ತೆ ಬೆಚ್ಚಗಿದೆ ಅಂದದ್ದು...

ಶಾಲು ಮುಟ್ಟಬಾರದೆಂಬ ಅತ್ತೆಯ ಆಣೆ ನೆನಪಾಯಿತು. ಮರುಕ್ಷಣ "ಆಣೆಗೆ ಬೆಂಕಿ ಬೀಳ್ಲಿ!" ಎಂದವಳೇ ಶಾಲನ್ನು ಕಿತ್ತೆಸೆದಳು.

ಅಯ್ಯೋ ದೇವರೇ! ಸೂಜಿ ಕಳಚಿ ಶಾಲಿನ ಮಡಿಕೆಗೆ ಸಿಕ್ಕಿಕೊಂಡಿತ್ತು. ಹಾಸಿಗೆಯೆಲ್ಲ ರಕ್ತ!

"ಪ್ರೇಮಕ್ಕಾ, ಇದು ತೀರ್ಥ ಅಲ್ಲ! ರಕ್ತ! ಓಡಿ ಬನ್ನಿ!"

ಕೂಗುತ್ತಲೇ ತೋಳಿನ ತೂತಿಗೆ ಹೆಬ್ಬೆರಳು ಒತ್ತಿ ಹಿಡಿದಳು. ಪ್ರೇಮಕ್ಕ ಓಡಿಬಂದು ಯಂತ್ರ ನಿಲ್ಲಿಸಿದರು, ನಳಿಕೆಗೆ ಕ್ಲಿಪ್ ಹಾಕಿದರು, ಡಾಕ್ಟರನ್ನು ಕರೆದರು. ಡಾಕ್ಟರು ಬಂದು ಡ್ರಿಪ್ ಏರಿಸಿದರು. ನಿಶ್ಚಿತಾ ಮಾತ್ರ ಬೆರಳು ತೆಗೆಯಲಿಲ್ಲ. "ಅತ್ತೆ, ಕಣ್ಣು ಬಿಡಿ... ಬೈರಿ, ಎಂತ ಬೇಕಾದ್ರೂ ಬೈರಿ... ನನ್ನ ಒಬ್ಬಳನ್ನೇ ಬಿಟ್ಟು ಹೋಗ್ಬ್ಯಾಡಿ..." ಎಂದು ಬಿಕ್ಕುತ್ತಲೇ ಇದ್ದಳು.

ಸುಲೋಚನಮ್ಮ ಕಣ್ಣು ಬಿಟ್ಟಾಗ ಮಗುವೂ ಇರಲಿಲ್ಲ, ಹಂಡೆಯೂ ಇರಲಿಲ್ಲ. ತೋಳು ಹಿಡಿದು ಸೊಸೆ ಕೂತಿದ್ದಳು.

"ಸೂಜಿ ಶಾಲಿಗೆ ಸಿಕ್ಕಿಕೊಂಡು ದೊಡ್ಡ ಯಂತ್ರಕ್ಕೂ ಗೊತ್ತಾಗ್ಲಿಲ್ಲ ಅಮ್ಮಾ," ಎಂದರು ಪ್ರೇಮಕ್ಕ. "ಜೀರುಂಡೆ ಕೂಗ್ತು, ನಾನೂ ನಂಬ್ಲಿಲ್ಲ. ಇವಳು ನಂಬಿದ್ಲು."

ಸುಲೋಚನಮ್ಮ ಗೋಡೆಯ ಕಡೆ ತಿರುಗಿ ಸದ್ದಿಲ್ಲದೆ ಅತ್ತರು.

ಮುಂದಿನ ಸಲ ಬಂದಾಗ ಗಿಂಡಿಯಲ್ಲಿ ತೀರ್ಥವಿತ್ತು. ಮಂಚದ ಮೇಲೆ ಮಲಗಿದ ಸುಲೋಚನಮ್ಮ, ಎಲ್ಲರೂ ನೋಡುತ್ತಿದ್ದಂತೆಯೇ ಅದನ್ನು ಸೊಸೆಯ ಕಡೆ ಚಾಚಿದರು.

"ತಗ, ನೀನೇ ಹಾಕು. ತೋಳಿಗೆ ಬ್ಯಾಡ, ನೆತ್ತಿಗೆ ಹಾಕು. ಜೀರುಂಡೆ ಸುಮ್‌ಸುಮ್ನೆ ಕೂಗ್ಬಾರ್ದು."

"ಅತ್ತೆ... ನಾನು ಮುಟ್ಟಬಹುದಾ?"

"ನನ್ನ ಜೀವಾನೇ ಒತ್ತಿ ಹಿಡ್ದ ಕೈ ಅಲ್ದನೇ ಅದು! ಅದಕ್ಕೆ ಇನ್ನೆಂತ ಮೈಲಿಗೆ?" ಸುಲೋಚನಮ್ಮ ತಲೆಯನ್ನು ಅವಳತ್ತ ವಾಲಿಸಿದರು. "ಹಾಕು ಮಗಾ..."

ನಿಶ್ಚಿತಾ ತೀರ್ಥ ಹಾಕಿದಳು. ನೆತ್ತಿಯಿಂದ ಇಳಿದ ಹನಿಗೆ ಸುಲೋಚನಮ್ಮ ಕಣ್ಣು ಮುಚ್ಚಿದರು. ಯಂತ್ರ ಗುಂಯ್‌ಗುಡತೊಡಗಿತು, ಜೋಂಪಿನಲ್ಲಿ ಹಿನ್ನೀರು ಮತ್ತೆ ಕಿಟಕಿಯೊಳಕ್ಕೆ ಬಂತು. ಎಷ್ಟು ತೊಳೆದರೂ ಕಲೆ ಹೋಗದ ಮಗನ ಶಾಲು ಆ ದಿನ ಸೊಸೆಯ ಹೆಗಲ ಮೇಲಿತ್ತು. ಬಸ್ಸಿನಲ್ಲಿ ಬರುವಾಗ ಚಳಿಯೆಂದು ಅತ್ತೆಯೇ ಹೊದಿಸಿದ್ದರು. ಸೂಜಿ ಚುಚ್ಚಿದ್ದ ತೋಳು ಎಲ್ಲರಿಗೂ ಕಾಣುವಂತೆ ಹಾಸಿಗೆಯ ಮೇಲೆ ಬರಿದಾಗಿ ಮಲಗಿತ್ತು.