ಎದೆಯ ಮೇಲಿನ ಹನ್ನೆರಡು ಸಾಲು

"ಯಾರನ್ನ ಕೇಳಿ ಬಿಚ್ಚಿದ್ರಿ? ಹೇಳಿ! ಯಾರನ್ನ ಕೇಳಿ?"

ಲೆಕ್ಕದ ಮೇಷ್ಟ್ರ ದನಿ ಇಷ್ಟು ಎತ್ತರಕ್ಕೆ ಏರುತ್ತದೆಂದು ಅವಳು ಎಣಿಸಿರಲಿಲ್ಲ. ಮೂರು ವರ್ಷದಲ್ಲಿ ಆತ ಅವಳೆದುರು ಗಟ್ಟಿಯಾಗಿ ಕೆಮ್ಮಿದ್ದೂ ಇಲ್ಲ!

ಆತನ ಮನೆಯ ಕನ್ನಡಿಯ ಮುಂದೆ ಇಬ್ಬರೂ ನಿಂತಿದ್ದರು. ಆತನ ಮೈಮೇಲೆ ಅವಳು ಈಗಷ್ಟೇ ತಂದುಕೊಟ್ಟ ಬೂದು ಸ್ವೆಟರ್. ಬೆರಳುಗಳು ಎದೆಯ ಮೇಲೆ ಏನನ್ನೋ ಹುಡುಕುತ್ತಿದ್ದವು. ಸಿಗಲಿಲ್ಲ. ಮತ್ತೆ ಹುಡುಕಿದವು.

"ಪಕ್ಕದಲ್ಲಿ ಸ್ವಲ್ಪ ಒಳಗೆ ತಗೊಳ್ಳಿ, ತೋಳು ಎರಡು ಬೆರಳು ಕಮ್ಮಿ ಮಾಡಿ. ಅಷ್ಟೇ ತಾನೇ ನಾನು ಹೇಳಿದ್ದು? ಎದೆ ಮುಟ್ಟಿ ಅಂದಿದ್ನಾ?"

"ಅಲ್ಲಿ ಹೆಣಿಗೆ ಸರಿಯಿರ್ಲಿಲ್ಲ ಮೇಷ್ಟ್ರೇ. ಹನ್ನೆರಡು ಸಾಲು... ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಕುಣಿಕೆ ಜಾರಿ ತೂತು ಬಿದ್ದಿತ್ತು. ಅದೇ ಉಣ್ಣೇಲಿ ನೀಟಾಗಿ ಮತ್ತೆ ಹೆಣೆದೆ, ಅಷ್ಟೇ."

"ಅಷ್ಟೇ!" ಆತ ನಕ್ಕ. ಆ ನಗುವಿಗಿಂತ ಕಪಾಳಕ್ಕೆ ಬಾರಿಸಿದ್ದರೆ ವಾಸಿಯಿತ್ತು.

ಅಡುಗೆಮನೆಯಿಂದ ಮೇಷ್ಟ್ರ ಅಕ್ಕ ಇಣುಕಿದರು. "ಏನೋ ನಿನ್ನ ಕೂಗಾಟ? ಮನೆಗೆ ಬಂದೋರ ಹತ್ರ ಹೀಗಾ ಮಾತಾಡೋದು?"

"ಅಕ್ಕಾ, ನೀನು ಒಳಗೆ ಹೋಗು!"

ಊರಿನವರ ಬಾಯಲ್ಲಿ ಅವಳು 'ಉಣ್ಣೆಯಕ್ಕ'. ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಕೂತು, ಕೈಯಲ್ಲಿ ಹೆಣೆದ ಸ್ವೆಟರ್‌ಗಳನ್ನು ಮೈಗೆ ಕೂರುವಂತೆ ಮಾಡಿಕೊಡುತ್ತಿದ್ದಳು. ಸುಮ್ಮನೆ ಕೆಲಸವಲ್ಲ ಅದು! ಕತ್ತರಿ ಸಿಕ್ಕಿತೆಂದು ಕಚಕ್ಕನೆ ಕತ್ತರಿಸಿದರೆ ಸ್ವೆಟರ್ ಕಥೆ ಮುಗಿಯಿತು. ತುದಿಯ ಎಳೆ ಹುಡುಕಿ, ಸಾಲು ಸಾಲಾಗಿ ಬಿಚ್ಚಿ, ಸುರುಳಿಗಟ್ಟಿದ ಉಣ್ಣೆಯನ್ನು ತೊಳೆದು, ಭಾರ ಕಟ್ಟಿ ನೇತುಹಾಕಿ, ನೆಟ್ಟಗಾದ ಮೇಲೆ ಮತ್ತೆ ಹೆಣೆಯಬೇಕು.

ಹೆಂಡತಿ ತೀರಿಕೊಂಡ ಮೇಲೆ ಮೇಷ್ಟ್ರು ಅರ್ಧಕ್ಕರ್ಧ ಇಳಿದುಹೋಗಿದ್ದ. ಹೆಂಡತಿ ಹೆಣೆದುಕೊಟ್ಟಿದ್ದ ಸ್ವೆಟರ್‌ಗಳೆಲ್ಲ ದೊಗಳೆ. ಒಂದೊಂದಾಗಿ ಉಣ್ಣೆಯಕ್ಕನ ಹತ್ತಿರ ಬಂದವು. ಒಂದೊಂದಕ್ಕೂ ನಾಲ್ಕು ನಾಲ್ಕು ಸಲ ಅಳತೆ!

"ಎಷ್ಟು ಸಲ ಅಳೀತೀರಮ್ಮ? ಇವನೇನು ಬೆಳೆಯೋ ಮಗುನಾ?" ಎಂದು ಮೇಷ್ಟ್ರ ಅಕ್ಕ ಛೇಡಿಸಿದರೆ ಆತನ ಕಿವಿ ಕೆಂಪಗಾಗುತ್ತಿತ್ತು.

ಕಳೆದ ವಾರ ಆತನೇ ಅಂದಿದ್ದ, "ಈ ಬೂದು ಸ್ವೆಟರ್ ಕೊನೇದು. ಇದು ಮುಗೀಲಿ, ನಿಮ್ಮನ್ನ ಒಂದು ಮಾತು ಕೇಳೋದಿದೆ."

ಇವತ್ತು ಅವಳು ಎರಡು ಸಲ ತಲೆ ಬಾಚಿಕೊಂಡು ಬಂದಿದ್ದಳು...

"ಆ ಸಾಲುಗಳನ್ನ ನನ್ನ ಹೆಂಡ್ತಿ ಆಸ್ಪತ್ರೆ ಮಂಚದ ಮೇಲೆ ಹೆಣೆದಿದ್ದು," ಆತನ ದನಿ ಒಡೆಯಿತು. "ಕೊನೇ ವಾರ. ಬೆರಳು ಮಾತು ಕೇಳ್ತಿರ್ಲಿಲ್ಲ. ಬಿಡೇ ಸಾಕು ಅಂದ್ರೆ ಹೆಣಿಗೆ ಕಡ್ಡೀಲಿ ನನ್ನ ಕೈಗೇ ಹೊಡೀತಿದ್ಲು. ಆ ತೂತು, ಆ ಗಂಟು... ದಿನಾ ಬೆಳಿಗ್ಗೆ ಮುಟ್ಟಿದ್ರೆ ಸಿಗ್ತಿದ್ಲು."

"ಬಿಚ್ಚಿಬಿಡ್ತೀನಿ! ಯಾವ ಸಾಲಲ್ಲಿ ಯಾವ ಕುಣಿಕೆ ಜಾರಿತ್ತು, ಎಲ್ಲಾ ನೆನಪಿದೆ. ಹಾಗೇ ಮತ್ತೆ ಹೆಣೆದು..."

"ಅವಳ ತಪ್ಪನ್ನ ನೀವು ಹೆಣೀತೀರಾ?"

ಸ್ವೆಟರ್‌ನತ್ತ ಚಾಚಿದ್ದ ಕೈಯನ್ನು ಅವಳು ಹಿಂದಕ್ಕೆಳೆದುಕೊಂಡಳು.

ಆತ ಕುರ್ಚಿಗೆ ಕುಸಿದ. ಮತ್ತೆ ತಲೆಯೆತ್ತಿದಾಗ ಕೋಪ ಇಳಿದಿತ್ತು.

"ನಿಮ್ಮನ್ನ ಬೈದು ಏನು ಬಂತು? ನಾನು ಹೇಳೇ ಇರ್ಲಿಲ್ಲವಲ್ಲ. ಗೊತ್ತಿಲ್ದೆ ಮಾಡಿದ್ರಿ... ಅಲ್ವಾ? ಒಂದು ಸಲ ಹೂಂ ಅನ್ನಿ. ಇಲ್ಲಿಗೇ ಮರೆತುಬಿಡ್ತೀನಿ."

ಒಂದು ಹೂಂ! ಅಷ್ಟಕ್ಕೇ ಈ ಮನೆ, ಈ ಮನುಷ್ಯ, ಅಕ್ಕನ ತಮಾಷೆ, ಎಲ್ಲ ಅವಳದ್ದು. 'ಅಂದುಬಿಡು, ಮೂರ್ಖಳೇ... ಅಂದುಬಿಡು!'

ಆದರೆ ಅವಳು ಹೆಣಿಗೆ ಓದಬಲ್ಲವಳು. ಕೆಳಗೆ ಕಲ್ಲಿನಂತೆ ಗಟ್ಟಿಯಿದ್ದ ಕೈ ಮೇಲೇರುತ್ತ ಹೇಗೆ ಸೋತಿತು, ಎಲ್ಲೆಲ್ಲಿ ನಡುಗಿತು, ಎಲ್ಲಿ ದಣಿದು ನಿಂತು ಮರುದಿನ ಮತ್ತೆ ಹಿಡಿಯಿತು... ಮೊದಲ ದಿನವೇ ಕಂಡಿತ್ತು. ಕಂಡ ಮೇಲೂ ಎಳೆ ಎಳೆದಿದ್ದಳು.

"ಗೊತ್ತಿತ್ತು ಮೇಷ್ಟ್ರೇ."

"ಏನು?"

"ಸಾಯೋರ ಕೈ ಅದು ಅಂತ ಗೊತ್ತಿತ್ತು. ನಿಮ್ಮ ಮೈತುಂಬ ಅವರೇ ಇದ್ರು. ನನ್ನದು ಬರೀ ಅಂಚು, ತೋಳಿನ ತುದಿ. ಎದೆ ಹತ್ರ ಒಂದು ಅಂಗೈಯಷ್ಟು ಜಾಗ ನನಗೂ ಇರ್ಲಿ ಅನ್ನಿಸ್ತು. ನಿಮ್ಮನ್ನ ಅಷ್ಟು ಇಷ್ಟಪಟ್ಟಿದ್ದೆ. ಸತ್ತೋರ ಮೇಲೆ ಹೊಟ್ಟೆಕಿಚ್ಚುಪಟ್ಟೆ."

ಆತ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಒಂದು ಸುಳ್ಳು ಹೇಳಿದ್ರೆ ಏನಾಗ್ತಿತ್ತು ನಿಮಗೆ?"

"ಪ್ರತಿ ಚಳೀಲೂ ನೀವು ಎದೆ ಸವರಿಕೊಳ್ತೀರಿ. ಪಕ್ಕದಲ್ಲಿ ನಿಂತು ನಾನು ಹೇಗೆ ನೋಡ್ಲಿ?"

ಅವಳು ಚೀಲ ಎತ್ತಿಕೊಂಡಳು. ಚಪ್ಪಲಿ ಮೆಟ್ಟುವಾಗ ಬೆನ್ನ ಹಿಂದೆ ಆತನ ದನಿ ಬಂತು, ತೀರಾ ಮೆತ್ತಗೆ.

"ನಾನು ಕೇಳ್ಬೇಕು ಅಂತಿದ್ದ ಮಾತು... ಕೇಳಲ್ವಾ?"

"ಬೇಡ. ಕೇಳಿದ್ರೆ ಹೋಗೋಕಾಗಲ್ಲ."

ಗೇಟು ಮುಚ್ಚಿದ ಸದ್ದಾಯಿತು. ಅಕ್ಕ ಮೂರು ಲೋಟ ಚಹಾ ಹಿಡಿದು ಹೊರಗೆ ಬಂದರು.

"ಎಲ್ಲೋ ಅವರು?"

"ಬರ್ತಾರೆ ಅಕ್ಕಾ," ಅಂದ ಮೇಷ್ಟ್ರು.

ಬರಲಿಲ್ಲ.