ಗಂಟು ಬೀಳದ ಎಳೆಗಳು

“ನನ್ನ ತೊಡೆ ಮಾಂಸ ಹೇಗಿದೆ ಡಾಕ್ಟ್ರೇ? ಕುದುರೆ ಮಾಂಸಕ್ಕಿಂತ ಚೆನ್ನಾಗಿದ್ಯಾ?”

ಬುರುಲ್ ಮೈಕ್ರೋಸ್ಕೋಪಿನಿಂದ ತಲೆಯೆತ್ತಿದಳು. ಲ್ಯಾಬಿನ ಬಾಗಿಲಿಗೆ ಭುಜ ಆನಿಸಿ ಒಬ್ಬ ಗಂಡಸು ನಿಂತಿದ್ದ. ಬಿಸಿಲಿಗೆ ಸುಟ್ಟ ಕೆನ್ನೆ, ಅಗಲವಾದ ಎದೆ, ಕೈಯಲ್ಲಿ ಕಲ್ಪಾಕ್ ಟೋಪಿ. ನಗುತ್ತಿದ್ದರೂ ಭುಜವನ್ನು ಮಾತ್ರ ಬಾಗಿಲಿನಿಂದ ತೆಗೆಯಲಿಲ್ಲ.

“ನಾನು ಡಾಕ್ಟ್ರಲ್ಲ. ಇಲ್ಲಿಗೆ ರೋಗಿಗಳು ಬರೋ ಹಾಗಿಲ್ಲ.”

“ರೋಗಿ ಅಲ್ಲ, ಮಾಂಸದ ಯಜಮಾನ. ಎರ್ಮೆಕ್, ನರೀನ್ ಕಡೆಯವನು. ಹೋದ ವಾರ ಆಸ್ಪತ್ರೇಲಿ ಒಂದು ತುಂಡು ಕತ್ತರಿಸಿ ನಿಮಗೆ ಕಳಿಸಿದ್ರು. ಅದನ್ನ ಒಂದ್ಸಲ ನೋಡ್ಬೇಕಿತ್ತು.”

ಹಾಗೆ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಅವಳು ಕುರ್ಚಿ ಸರಿಸಿಕೊಟ್ಟಳು.

ಎರ್ಮೆಕ್ ಉಲಾಕ್ ಆಟಗಾರ. ಓಡುವ ಕುದುರೆಯಿಂದ ನೆಲಕ್ಕೆ ಬಗ್ಗಿ, ತಲೆ ಕಡಿದ ಮೇಕೆಯನ್ನು ಎತ್ತಿ ತೊಡೆಯಡಿ ಸಿಕ್ಕಿಸಿಕೊಂಡು ಗುರಿಯತ್ತ ನುಗ್ಗಬೇಕು. ಹಿಂದಿನ ಶರತ್ಕಾಲದಲ್ಲಿ ಮೇಕೆ ಅವನ ತೊಡೆಯಡಿಯಿಂದ ಜಾರಿತು. ಆಮೇಲಿನ ಆಟದಲ್ಲಿ ಅವನೇ ಜಾರಿದ.

“ಇಲ್ಲಿ ನೋಡಿ,” ಎಂದು ಬುರುಲ್ ಗಾಜಿನ ಪಟ್ಟಿಯನ್ನು ಹೊಂದಿಸಿದಳು. “ಟೈಟಿನ್ ಅಂತ ಒಂದು ಪ್ರೋಟೀನ್ ಇದೆ. ಮೈಯಲ್ಲಿ ಅದಕ್ಕಿಂತ ದೊಡ್ಡದಿಲ್ಲ. ಸ್ನಾಯುವಿನ ಎಳೆಯಲ್ಲಿ ಯಾವುದು ಎಲ್ಲಿರ್ಬೇಕು, ಎಷ್ಟು ದೂರ ಇರ್ಬೇಕು ಅಂತ ಅಳತೆಕೋಲಿನ ಹಾಗೆ ನೋಡ್ಕೊಳ್ಳುತ್ತೆ. ಎಳೆದ್ರೆ ಸ್ಪ್ರಿಂಗ್ ಹಾಗೆ ಹಿಂದಕ್ಕೆ ಬರುತ್ತೆ. ಇಂಥ ಎರಡು ದೈತ್ಯರ ತುದಿ ಸೇರಿಸಿ ಗಂಟು ಹಾಕೋದು ಮಾತ್ರ ಒಂದು ಪುಟಾಣಿ ಪ್ರೋಟೀನ್. ಟೆಲಿಥೋನಿನ್ ಅಂತ. ಅದಿದ್ದ ಕಡೆ ಹಸಿರು ಗೆರೆ ಹೊಳೀಬೇಕು.”

ಎರ್ಮೆಕ್ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ.

“ಬರೀ ಕತ್ತಲೆ.”

“ಹೂಂ.”

“ಅಂದ್ರೆ ದೈತ್ಯರು ಅಕ್ಕಪಕ್ಕ ನಿಂತಿದಾರೆ. ಕೈ ಹಿಡ್ಕೊಂಡಿಲ್ಲ. ನಮ್ಮಿಬ್ಬರ ಹಾಗೆ.”

ಬುರುಲ್ ತಲೆ ತಗ್ಗಿಸಿ ಕೈಗವಸು ಕಳಚತೊಡಗಿದಳು. ಕಿವಿಯ ತುದಿ ಬಿಸಿಯಾಗಿದ್ದು ಅವನಿಗೆ ಕಾಣದಿರಲೆಂದು ಕಿಟಕಿಯ ಕಡೆ ತಿರುಗಿದಳು. ಗಾಜಿನಲ್ಲಿ ಅವನ ನಗು ಕಾಣುತ್ತಿತ್ತು.

“ಇದಕ್ಕೆ ಔಷಧಿ?” ಎಂದು ಆ ನಗು ಕೇಳಿತು.

ಅವಳು ಸುಳ್ಳು ಹೇಳಲಿಲ್ಲ: ಔಷಧಿಯಿಲ್ಲ, ಕಾಲುಗಳ ಬಲ ವರ್ಷ ವರ್ಷಕ್ಕೂ ಕುಗ್ಗುತ್ತದೆ.

ಚಿಕಿತ್ಸೆಯ ನೆಪದಲ್ಲಿ ಅವನು ಲ್ಯಾಬಿದ್ದ ಬಿಷ್ಕೆಕ್‌ನಲ್ಲೇ ಅಕ್ಕನ ಮನೆಯಲ್ಲಿ ಉಳಿದ. ಭಾನುವಾರಗಳಲ್ಲಿ ಇಬ್ಬರೂ ಓಶ್ ಬಜಾರಿಗೆ ಹೋಗಿ, ಬಿಸಿ ರೊಟ್ಟಿ ಕೊಂಡು ದಾರಿಯಲ್ಲೇ ಮುರಿದು ತಿನ್ನುತ್ತಿದ್ದರು. ಅವನು ಬೇಕೆಂದೇ ನಿಧಾನವಾಗಿ ನಡೆಯುವವನಂತೆ ಹಣ್ಣಿನಂಗಡಿಗಳ ಮುಂದೆಲ್ಲ ಚೌಕಾಸಿಗೆ ನಿಲ್ಲುತ್ತಿದ್ದ. ಅವಳು ಏನೂ ಅರಿಯದವಳಂತೆ ಒಣ ಏಪ್ರಿಕಾಟ್ ಆರಿಸುತ್ತಿದ್ದಳು. ಅವನ ತೋಳು ತನ್ನ ತೋಳಿಗೆ ತಗುಲಿದಷ್ಟು ಹೊತ್ತು ಬೆಲೆ ಯಾವುದೂ ಅವಳ ಕಿವಿಗೆ ಬೀಳುತ್ತಿರಲಿಲ್ಲ.

“ಒಂದು ಮಾತು ಕೇಳ್ತೀನಿ,” ಎಂದ ಒಂದು ಭಾನುವಾರ. “ನಗ್ಬೇಡ.”

“ನಗೋ ಮಾತಾದ್ರೆ ನಗ್ತೀನಿ.”

“ನನಗೆ ಮಕ್ಕಳಾದ್ರೆ, ಅವಕ್ಕೂ ಹೀಗೇ ಆಗುತ್ತಾ?”

“ಇಲ್ಲ. ಒಂದು ಜೀನ್ ಅಪ್ಪಂದು, ಒಂದು ಅಮ್ಮಂದು. ಎರಡೂ ಕೆಟ್ಟಿದ್ರೆ ಮಾತ್ರ ಈ ರೋಗ. ಇಷ್ಟು ಅಪರೂಪದ ದೋಷ ಇರೋ ಹುಡುಗೀನ ನೀನು ಹುಡುಕಿಕೊಂಡು ಹೋದ್ರೂ ಸಿಗಲ್ಲ ಬಿಡು.”

ಅವನು ರೊಟ್ಟಿಯ ಚೂರನ್ನು ಕೈಯಲ್ಲೇ ಹಿಡಿದು ನಿಂತ. “ಕಾಲು ಹೋಗ್ಲಿ, ಬುರುಲ್. ಕುರ್ಚೀಲಿ ಕೂತಾದ್ರೂ ಮಗನ್ನ ಕುದುರೆ ಹತ್ತಿಸ್ತೀನಿ. ಅದೊಂದು ಇದ್ರೆ ನಾನು ಬದುಕ್ತೀನಿ. ನನ್ನ ಮದ್ವೆ ಆಗ್ತೀಯಾ?”

“ಅದಕ್ಕೆ ಇಷ್ಟುದ್ದ ಪೀಠಿಕೆನಾ?” ಎಂದಳು. ಅವನ ಕೈಯ ಚೂರನ್ನು ಕಿತ್ತು ತಾನೇ ತಿಂದಳು.

ಅವಳ ಕಿವಿಗೆ ಓಲೆ ತೊಡಿಸಿ ಸಂಬಂಧ ಗಟ್ಟಿಮಾಡಲು ಎರ್ಮೆಕ್‌ನ ತಾಯಿ ನರೀನ್‌ನಿಂದ ಬಂದಳು. ಅದಕ್ಕೆ ಮೊದಲು ಎರಡೂ ಮನೆಯ ಹಿರಿಯರು ಫೋನಿನಲ್ಲಿ ತಮ್ಮ ತಮ್ಮ ಏಳು ತಲೆಮಾರಿನ ಪಿತೃಗಳ ಹೆಸರು ಹೇಳಿಕೊಂಡರು. ಒಂದು ಹೆಸರು ಕೂಡಿದರೂ ಹುಡುಗ ಹುಡುಗಿ ಅಣ್ಣತಂಗಿಯರೇ, ಮದುವೆಯಿಲ್ಲ. ಬುರುಲ್‌ಳ ಅಪ್ಪ ನಿಂತುಕೊಂಡೇ ಕೂಗಿ ಕೂಗಿ ಹೇಳಿದ. ಆ ಕಡೆ ಎರ್ಮೆಕ್‌ನ ದೊಡ್ಡಪ್ಪ ಅದಕ್ಕಿಂತ ಜೋರಾಗಿ ಹೇಳಿದ. ಒಂದೂ ಕೂಡಲಿಲ್ಲ.

“ನೀರಿನಷ್ಟು ಸ್ವಚ್ಛ!” ಎಂದು ಅಪ್ಪ ಬುರುಲ್‌ಳ ತಲೆ ಸವರಿದ. “ಹೋಗು ಮಗಳೇ, ಕಿವಿ ತೊಳ್ಕೊಂಡಿರು.”

ಆ ವಾರವೇ ಎರ್ಮೆಕ್‌ನ ಜೀನ್ ಪರೀಕ್ಷೆಯ ಫಲಿತಾಂಶ ಬಂತು. ಹೋಲಿಕೆಗೆ ಆರೋಗ್ಯವಂತರೊಬ್ಬರ ರಕ್ತ ಬೇಕು. ಲ್ಯಾಬಿನಲ್ಲಿ ಅದನ್ನು ಹೊರಗೆ ಹುಡುಕುವ ರೂಢಿಯಿರಲಿಲ್ಲ, ಕೆಲಸ ಮಾಡುವವರೇ ತೋಳು ಚಾಚುತ್ತಿದ್ದರು. ಈ ಸಲ ಬುರುಲ್ ಚಾಚಿದ್ದಳು.

ಪರದೆಯ ಮೇಲೆ ಎರ್ಮೆಕ್‌ನ ಎರಡು ಪ್ರತಿಗಳಲ್ಲೂ ದೋಷವಿತ್ತು. ಅದು ಗೊತ್ತಿದ್ದದ್ದೇ. ಕೆಳಗಿನ ಸಾಲಿನಲ್ಲಿ, ಬುರುಲ್‌ಳ ರಕ್ತದಲ್ಲಿ, ಒಂದೇ ಜಾಗದಲ್ಲಿ ಗ್ರಾಫಿನ ಎರಡು ಶಿಖರಗಳು ಒಂದರ ಮೇಲೊಂದು ಬಿದ್ದಿದ್ದವು. ಒಂದು ಪ್ರತಿ ಸರಿಯಿತ್ತು. ಇನ್ನೊಂದರಲ್ಲಿ ಅವನದೇ ದೋಷ.

ಟ್ಯೂಬುಗಳು ಅದಲುಬದಲಾಗಿರಬೇಕೆಂದು ಹೊಸದಾಗಿ ರಕ್ತ ತೆಗೆದಳು. ಮತ್ತೆ ಅದೇ. ದೋಷದ ಆಚೀಚೆ ಓದಿಸಿದಳು. ಬಹು ದೂರದವರೆಗೆ ಇಬ್ಬರದೂ ಅಕ್ಷರಕ್ಕೆ ಅಕ್ಷರ ಒಂದೇ ಆಗಿತ್ತು. ಯಾರೋ ಒಬ್ಬರಿಂದ ಇಬ್ಬರಿಗೂ ಇಳಿದು ಬಂದ ತುಂಡು ಅದು. ಯಾರೋ ಒಬ್ಬಳಿಂದ, ಎಂದು ಅವಳಿಗೆ ಆಗ ಹೊಳೆಯಿತು. ಏಳು ಪಿತೃಗಳ ಜೊತೆ ಏಳು ಹೆಂಗಸರೂ ಬದುಕಿದ್ದರು. ಅವರ ಹೆಸರನ್ನು ಯಾರೂ ಮಕ್ಕಳಿಗೆ ಬಾಯಿಪಾಠ ಮಾಡಿಸಿರಲಿಲ್ಲ.

ಓಕ್ ಮರಗಳ ಪಾರ್ಕಿನ ಬೆಂಚಿನಲ್ಲಿ ಕೂತು ಅವನಿಗೆ ಹೇಳಿದಳು.

“ನಿನ್ನ ಅಜ್ಜಿ ಯಾವ ಊರಿನವರು?” ಎಂದು ಕೇಳಿದ ಕೊನೆಗೆ.

“ಕೊಕ್-ಜಾರ್. ಅಮ್ಮನ ಅಮ್ಮ.”

“ನಮ್ಮಜ್ಜಿನೂ.” ಅವನು ನಗಲು ನೋಡಿದ. “ನೋಡು, ಹುಡುಕದೇನೇ ಸಿಕ್ಕಿಬಿಟ್ಟೆ.”

“ಮಕ್ಕಳು ಬೇಡ, ಎರ್ಮೆಕ್. ನಾವಿಬ್ಬರೇ ಇರೋಣ.”

“ಮಕ್ಕಳಾದ್ರೆ?”

“ಪ್ರತಿ ಮಗುವಿಗೂ ಈ ರೋಗ ಬರೋ ಸಾಧ್ಯತೆ ಅರ್ಧಕ್ಕರ್ಧ.”

“ನಿನಗೆ ಮಕ್ಕಳು ಬೇಡ್ವಾ?”

ಬೇಡ ಎನ್ನಲು ಬಾಯಿ ತೆರೆದಳು. ಆ ಪದ ಹೊರಡಲಿಲ್ಲ. ಅವನು ಅವಳ ಬಾಯಿಯನ್ನೇ ನೋಡುತ್ತಿದ್ದ.

“ಬೇರೆಯವನ ಜೊತೆ ನಿನಗೆ ಗಟ್ಟಿಮುಟ್ಟಾದ ಮಕ್ಕಳಾಗ್ತವೆ. ನನ್ನ ಜೊತೆ ಎಳೆ ಮಗೂನೇ ಇಲ್ಲದ ಮನೆ. ಆಮೇಲೆ ನಾನೇ ಮಗು, ಎತ್ತಿ ಕೂರಿಸ್ಬೇಕು, ಒರೆಸ್ಬೇಕು. ನಾನು ಆ ದಿನ ಕೇಳಿದ್ದು ಇದಕ್ಕಲ್ಲ ಕಣೇ.”

“ನಾನು ಒಪ್ಪಿದ್ದು ನಿನಗೆ. ನಿನ್ನ ಮಕ್ಕಳಿಗಲ್ಲ.”

“ಗೊತ್ತು. ಅದಕ್ಕೇ ನಿನ್ನ ಮಾತು ಕೇಳೋಕೆ ಹೆದರಿಕೆ.”

ಅವಳು ಬೇಡಿಕೊಂಡಳು, ಬೈದಳು, ಅವನ ತೋಳಿಗೆ ಗುದ್ದಿದಳು. ಅವನು ಎಲ್ಲವನ್ನೂ ಸಹಿಸಿ ಕುಳಿತ. ಏಳಲಿಲ್ಲ. ಬೆಂಚು ತಗ್ಗಾಗಿತ್ತು, ತಾನಾಗಿ ಏಳಲು ಅವನಿಗೆ ಆಗುತ್ತಿರಲಿಲ್ಲ ಎಂಬುದು ಅವಳಿಗೆ ಆಮೇಲೆ ತಿಳಿಯಿತು.

ಅವಳ ರಕ್ತದ ಸುದ್ದಿ ಹಬ್ಬಿದರೆ ನಾಳೆ ಯಾವ ಮನೆಯವರೂ ಓಲೆ ತರುವುದಿಲ್ಲವೆಂದು, ಹುಡುಗಿ ಹಿಡಿಸಲಿಲ್ಲ ಎಂದು ಎರ್ಮೆಕ್ ತಾಯಿಗೆ ಹೇಳಿಬಿಟ್ಟ. ಬಸ್ ಸ್ಟ್ಯಾಂಡಿನಲ್ಲಿ ಆ ಮುದುಕಿ ಬುರುಲ್‌ಳ ಎರಡೂ ಕೈ ಹಿಡಿದು ಅತ್ತಳು.

“ಕ್ಷಮಿಸು ಮಗಳೇ. ಇವನಿಗೆ ಕಾಲಲ್ಲ, ತಲೆ ಕೆಟ್ಟಿರೋದು. ಮುತ್ತಿನಂಥ ಹುಡುಗಿ.”

“ಸಾಕಮ್ಮ, ಹತ್ತು,” ಎಂದ ಎರ್ಮೆಕ್.

ತಾಯಿ ನರೀನ್‌ಗೆ ಹೋಗುವ ವ್ಯಾನು ಹತ್ತಿದಳು. ಅವನು ಬಾಗಿಲ ಕಂಬಿ ಹಿಡಿದು ಬಲಗಾಲು ಮೇಲಿಟ್ಟ. ಮೈ ಏಳಲಿಲ್ಲ. ಮತ್ತೆ ಪ್ರಯತ್ನಿಸಿದ. ಹಿಂದೆ ನಿಂತವರು ಗೊಣಗತೊಡಗಿದರು.

ಬುರುಲ್ ಅವನ ಕಂಕುಳಡಿ ಭುಜ ಕೊಟ್ಟು ಸೊಂಟ ಬಳಸಿದಳು. ಹಿರಿಯರೆದುರು ಬೇರಾವ ರೀತಿಯಲ್ಲೂ ಅವನನ್ನು ಮುಟ್ಟುವಂತಿರಲಿಲ್ಲ. ನೋಡುವವರಿಗೆ ಅವಳು ಕಾಲು ಸೋತವನಿಗೆ ಆಸರೆ ಕೊಟ್ಟ ಹುಡುಗಿ, ಅಷ್ಟೆ. ಅವನ ಪೂರ್ತಿ ಭಾರ ಅವಳ ಮೇಲೆ ಬಿತ್ತು. ಅಂಗಿಯೊಳಗೆ ಬೆನ್ನಿನ ಸ್ನಾಯುಗಳು ಸಣ್ಣಗೆ ನಡುಗುತ್ತಿದ್ದವು.

“ನಿಧಾನ,” ಎಂದ ಅವನು ಅವಳ ಕಿವಿಯ ಬಳಿ. “ಬೇಗ ಹತ್ತಿಸಿಬಿಡ್ಬೇಡ.”

ಅವಳು ಬೇಗ ಹತ್ತಿಸಲಿಲ್ಲ.

“ಹತ್ತಿಸಮ್ಮ, ಹೊತ್ತಾಯ್ತು!” ಎಂದು ಡ್ರೈವರ್ ಕೂಗಿದ.