ಉತ್ತರ ಕೊಡಲಾಗದ ಗುಂಪು

ಸೆಪ್ಟೆಂಬರ್ ಒಂಬತ್ತರ ಬೆಳಿಗ್ಗೆ ಕಡೂರು ತಾಲ್ಲೂಕಿನ ಠಾಣೆಯೊಂದಕ್ಕೆ ತನುಜಾ ಎಂಬ ಮಹಿಳೆ ದೂರು ಕೊಡಲು ಬಂದರು. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿದು ಮಗಳನ್ನು ಓದಿಸುತ್ತಿದ್ದರು. ಸಬ್ ಇನ್ಸ್‌ಪೆಕ್ಟರ್ ನಿಶ್ಚಿತಾ ಕೂರಲು ಹೇಳಿದರೂ ಕೂರಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು, “ನೀವೇ ಕೇಳಿಸ್ಕಳಿ ಮೇಡಂ, ನನ್ ಬಾಯಲ್ಲಿ ಹೇಳಕ್ಕಾಗಲ್ಲ” ಎಂದು ಗೋಡೆಯ ಕಡೆ ತಿರುಗಿ ನಿಂತರು.

ಅದರಲ್ಲಿದ್ದದ್ದು ಹಳ್ಳಿಯವರಿಗೆ ಪಿಂಚಣಿ, ರೇಷನ್ ವಿಷಯ ತಿಳಿಸುವ ವಾಟ್ಸಾಪ್ ಗುಂಪು. ನಡೆಸುತ್ತಿದ್ದವನು ಗ್ರಾಮ ಆಡಳಿತಾಧಿಕಾರಿ ಮೃತ್ಯುಂಜಯ. ಜುಲೈ ಕೊನೆಯಿಂದ ಅವನ ಧ್ವನಿ ಸಂದೇಶಗಳು ಬರುತ್ತಿದ್ದವು. ವಿಧವಾ ವೇತನ ತೆಗೆದುಕೊಳ್ಳುವ ತನುಜಾಳ ಮನೆ ಮುಂದೆ ಸಂಜೆಯಾದರೆ ಗಂಡಸರ ಚಪ್ಪಲಿ ಯಾಕಿರುತ್ತದೆ ಎಂದು ಹೆಸರು ಹಿಡಿದೇ ಕೇಳಿದ್ದ. ಮುಂದಿನವು ಇನ್ನೂ ಹೊಲಸಾಗಿದ್ದವು. ಹೊಲಿಯಲು ಬಟ್ಟೆ ಕೊಡುವವರು ಬರುವುದನ್ನೇ ಬಿಟ್ಟರು. ಮಗಳು ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದಳು.

ನಿಶ್ಚಿತಾ, ಮಾತಿನಿಂದ ಹೆಣ್ಣಿನ ಮಾನಕ್ಕೆ ಕುಂದು ತಂದ ಅಪರಾಧಕ್ಕೆ ಬಿಎನ್‌ಎಸ್ 79ನೇ ಕಲಮಿನಡಿ ಎಫ್‌ಐಆರ್ ದಾಖಲಿಸಿದರು. ಪಂಚರ ಸಮ್ಮುಖದಲ್ಲಿ ಫೋನ್ ವಶಪಡಿಸಿಕೊಂಡು ಪಂಚನಾಮೆ ಬರೆಸಿದರು. ಮಧ್ಯಾಹ್ನ ಹೆಡ್ ಕಾನ್‌ಸ್ಟೇಬಲ್ ಹೊನ್ನಯ್ಯನೊಂದಿಗೆ ಹಳ್ಳಿಗೆ ಹೋದರು. ಸಂದೇಶಗಳನ್ನು ಎಲ್ಲರೂ ಕೇಳಿದ್ದರು. ಹೇಳಿಕೆ ಕೊಡಲು ಮಾತ್ರ ಯಾರೂ ಒಪ್ಪಲಿಲ್ಲ. ಪಿಂಚಣಿ ಅರ್ಜಿಗಳೆಲ್ಲ ಮೃತ್ಯುಂಜಯನ ಕೈ ದಾಟಿಯೇ ಹೋಗಬೇಕಿತ್ತು.

ವಾಪಸು ಬರುವಾಗ ಜೀಪಿನಲ್ಲಿ ಹೊನ್ನಯ್ಯ, ತನ್ನ ತಾಯಿಯೂ ಅದೇ ಹಳ್ಳಿಯಲ್ಲಿರುವುದಾಗಿಯೂ ಅವಳ ಪಿಂಚಣಿಗಾಗಿ ತಾನೂ ಆ ಗುಂಪಿನಲ್ಲಿರುವುದಾಗಿಯೂ ಹೇಳಿದ.

“ಎಲ್ಲಾ ಕೇಳಿದೀನಿ ಮೇಡಂ. ಒಂದಿನ ನಕ್ಕೂ ಇದೀನಿ.”

ನಿಶ್ಚಿತಾ ಬೈಯಲಿಲ್ಲ. ಅವನನ್ನು ತನಿಖೆಯಿಂದ ಕೈಬಿಟ್ಟು ಮೊದಲ ಸಾಕ್ಷಿಯಾಗಿ ಹೇಳಿಕೆ ಪಡೆದರು.

ಮರುದಿನ ಮೃತ್ಯುಂಜಯ ವಿಚಾರಣೆಗೆ ಕರೆದ ನೋಟಿಸ್ ಹಿಡಿದು ಠಾಣೆಗೆ ಬಂದ.

“ಡ್ಯೂಟಿ ಮುಗಿದ ಮೇಲೆ, ನನ್ ಫೋನಿಂದ ಮಾತಾಡಿರದು. ಸರ್ಕಾರಿ ನೌಕರನಿಗೆ ವಾಕ್ ಸ್ವಾತಂತ್ರ್ಯ ಇಲ್ವಾ?”

“ಆ ಗುಂಪಲ್ಲಿ ಯಾರ್ಯಾರು ಮೆಸೇಜ್ ಹಾಕಬಹುದು?”

“ನಾನೊಬ್ನೇ. ಸೆಟ್ಟಿಂಗ್ ಹಂಗಿದೆ.”

“ಗುಂಪು ಬಿಟ್ಟೋದ್ರೆ?”

“ಪಿಂಚಣಿ ವಿಷ್ಯ ಗೊತ್ತಾಗಲ್ಲ.”

“ಹಂಗಾದ್ರೆ ತನುಜಾ ಉತ್ತರ ಎಲ್ಲಿ ಕೊಡ್ಬೇಕಿತ್ತು?”

ಅವನು ನೋಟಿಸ್ ಮಡಚಿ ಜೇಬಿಗಿಟ್ಟು ಹೊರಟ. ಅಂದು ಸಂಜೆಯೇ ಗುಂಪಿನಲ್ಲಿ ಮತ್ತೊಂದು ಸಂದೇಶ ಬಂತು: ಪೊಲೀಸರಿಗೆ ಹೇಳಿಕೆ ಕೊಡುವವರು ತಮ್ಮ ಪಿಂಚಣಿಯನ್ನೂ ನೆನಪಿಟ್ಟುಕೊಳ್ಳಲಿ. ಸಾಕ್ಷಿಗಳನ್ನು ಬೆದರಿಸಿದ ಆರೋಪವೂ ಸೇರಿತು. ಸೆಪ್ಟೆಂಬರ್ ಹನ್ನೆರಡರ ಬೆಳಿಗ್ಗೆ ತರೀಕೆರೆಯಲ್ಲಿ ಅಕ್ಕನ ಮನೆಯಲ್ಲಿದ್ದ ಅವನನ್ನು ಬಂಧಿಸಿ ಕರೆತಂದರು.

ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದಾಗ ಅವನು ನಿಧಾನವಾಗಿ ಹೇಳಿದ. ಜುಲೈನಲ್ಲಿ ಕಚೇರಿಗೆ ಬಂದ ಸಾವಿತ್ರಮ್ಮ ಎಂಬ ಮುದುಕಿಗೆ, ಸತ್ತವರ ಲೆಕ್ಕಕ್ಕೆ ಸೇರಿಸಿಬಿಡುತ್ತೇನೆ ಎಂದು ಗದರಿದ್ದ. ಯಾರೋ ಅದನ್ನು ವಿಡಿಯೊ ಮಾಡಿದ್ದರು. ಅದು ಅಜ್ಜಂಪುರದಲ್ಲಿದ್ದ ಅವನ ತಂದೆ ತೀರ್ಥಪ್ಪನವರವರೆಗೂ ಹೋಯಿತು. ಅವರು ಮಠಕ್ಕೆ ಹೋಗುವುದನ್ನೇ ಬಿಟ್ಟರು. ಮಗನೊಂದಿಗೆ ಮಾತೂ ಬಿಟ್ಟರು. ಆ ದಿನ ಸರದಿಯಲ್ಲಿ ತನುಜಾ ಇದ್ದುದು ಅವನಿಗೆ ನೆನಪಿತ್ತು. ವಿಡಿಯೊ ಮಾಡಿದವಳು ಅವಳೇ ಎಂದು ತೀರ್ಮಾನಿಸಿಬಿಟ್ಟ.

“ಪೂರ್ತಿ ನೋಡಿದ್ದೀರಾ ಅದನ್ನ?” ನಿಶ್ಚಿತಾ ಕೇಳಿದರು.

“ಇಲ್ಲ ಮೇಡಂ. ನನ್ ದನಿ ಬತ್ತಿದ್ದಂಗೇ ಆಫ್ ಮಾಡ್ಬಿಡ್ತಿದ್ದೆ.”

ಅವರು ಆ ವಿಡಿಯೊ ತರಿಸಿಟ್ಟಿದ್ದರು. ಪೂರ್ತಿ ತೋರಿಸಿದರು. ಕೊನೆಯಲ್ಲಿ ಸಾವಿತ್ರಮ್ಮ ತಡವರಿಸುತ್ತಾರೆ. ಹಿಂದೆ ನಿಂತಿದ್ದ ಹೆಂಗಸೊಬ್ಬಳು ಮುಂದೆ ಬಂದು ಎರಡೂ ಕೈಯಿಂದ ಅವರನ್ನು ಹಿಡಿದುಕೊಳ್ಳುತ್ತಾಳೆ. ಅದು ತನುಜಾ.

ಮೃತ್ಯುಂಜಯ ತಲೆ ತಗ್ಗಿಸಿದವನು ಮತ್ತೆ ಎತ್ತಲಿಲ್ಲ.

ಸುದ್ದಿ ತಿಳಿದು ಬಂದ ತೀರ್ಥಪ್ಪನವರು ಠಾಣೆಯ ಒಳಗೆ ಬರಲಿಲ್ಲ. ಮೆಟ್ಟಿಲ ಬಳಿ ನಿಂತು, ಆ ಹೆಣ್ಣುಮಗಳ ಮನೆ ಎಲ್ಲಿ ಎಂದಷ್ಟೇ ಕೇಳಿದರು. ಹೊನ್ನಯ್ಯ ದಾರಿ ಹೇಳಿದ. ಜೊತೆಗೆ ಬರುತ್ತೇನೆ ಎನ್ನಲು ಅವನಿಗೆ ಮುಖವಿರಲಿಲ್ಲ.